ಹಸಿರು ಸ್ಲಗ್ ಗಿಡವಲ್ಲ, ಮತ್ತೆ ಕೇಳಬೇಡಿ

ಪ್ರಶ್ನೆ: ಎಲಿಸಿಯಾ ಕ್ಲೋರೋಟಿಕಾ ಎಂಬ ಸೀ ಸ್ಲಗ್ ಬಿಸಿಲಿನಿಂದಲೇ ಆಹಾರ ಮಾಡಿಕೊಳ್ಳುತ್ತದಂತೆ. ಮಾರ್ಕಾಂಶಿಯಾ ಲಿವರ್‌ವರ್ಟ್ ಕೂಡ ಹಾಗೇ. ಎರಡೂ ಹಸಿರು, ಎರಡೂ ಚಪ್ಪಟೆ. ಹಾಗಿದ್ದರೆ ವ್ಯತ್ಯಾಸ ಏನು?

ಉತ್ತರ: ಸ್ಲಗ್ ಚಿಪ್ಪಿಲ್ಲದ ಬಸವನಹುಳುವಿನಂಥ ಪ್ರಾಣಿ, ಲಿವರ್‌ವರ್ಟ್ ತೇವದ ನೆಲಕ್ಕೆ ಅಂಟಿ ಬೆಳೆಯುವ ಪುಟ್ಟ ಸಸ್ಯ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ‘ಅರ್ಧ ಗಿಡ, ಅರ್ಧ ಪ್ರಾಣಿ’ ಎಂಬ ತಲೆಬರಹ ನೋಡಿ ಎಲ್ಲರೂ ಇದನ್ನೇ ಕೇಳುತ್ತಿದ್ದೀರಿ.

ಸ್ಲಗ್‌ನ ಹಸಿರು ಕದ್ದ ಮಾಲು. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಈ ಜೀವಿ ವೌಚೀರಿಯಾ ಎಂಬ ಪಾಚಿಯ ಎಳೆಯನ್ನು ಚುಚ್ಚಿ, ಒಳಗಿರುವುದನ್ನು ಹೀರುತ್ತದೆ. ಬಿಸಿಲಿನಿಂದ ಆಹಾರ ಮಾಡುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟ್‌ಗಳನ್ನು ಮಾತ್ರ ಅರಗಿಸದೆ ತನ್ನ ಜೀವಕೋಶಗಳಲ್ಲಿ ಇಟ್ಟುಕೊಳ್ಳುತ್ತದೆ. ಆದರೆ ಮೊಟ್ಟೆಗೆ ಒಂದನ್ನೂ ದಾಟಿಸುವುದಿಲ್ಲ. ಪ್ರತಿ ತಲೆಮಾರೂ ಹೊಸದಾಗಿ ಕದಿಯಬೇಕು. ಲಿವರ್‌ವರ್ಟ್‌ಗೆ ಆ ಪಾಡಿಲ್ಲ. ಅದರ ಮೇಲಿನ ಪುಟ್ಟ ಬಟ್ಟಲುಗಳಿಂದ ಮಳೆಹನಿ ಸಿಡಿಸುವ ಒಂದೊಂದು ಮರಿತುಣುಕಿನಲ್ಲೂ ಕ್ಲೋರೋಪ್ಲಾಸ್ಟ್ ಇರುತ್ತದೆ.

ಮುಖ್ಯ ವಿಷಯ ಇನ್ನೂ ಒಳಗಿದೆ. ಮಾರ್ಕಾಂಶಿಯಾದ ಕ್ಲೋರೋಪ್ಲಾಸ್ಟ್ ಡಿಎನ್‌ಎಯನ್ನು 1986ರಲ್ಲೇ ಪೂರ್ತಿ ಓದಿದ್ದಾರೆ. ಸುಮಾರು 1,21,000 ಅಕ್ಷರಗಳ ಉದ್ದ, ನೂರು ಚಿಲ್ಲರೆ ಜೀನ್. ಕ್ಲೋರೋಪ್ಲಾಸ್ಟ್‌ನ ಕೆಲಸಕ್ಕೆ ಇಷ್ಟು ಸಾಲದು. ಬೇಕಾದ ಪ್ರೊಟೀನ್‌ಗಳಲ್ಲಿ ಹೆಚ್ಚಿನವುಗಳ ಜೀನ್ ಇರುವುದು ಸಸ್ಯದ ನ್ಯೂಕ್ಲಿಯಸ್‌ನಲ್ಲಿ. ಪ್ರೊಟೀನ್ ಹಾಳಾದರೆ ಲಿವರ್‌ವರ್ಟ್ ಹೊಸದು ತಯಾರಿಸುತ್ತದೆ. ಸ್ಲಗ್ ಹತ್ತಿರ ಆ ಜೀನ್‌ಗಳೇ ಇಲ್ಲ.

‘ಇಲ್ಲ ಸಾರ್, ಪಾಚಿಯ ಜೀನನ್ನೂ ಕದ್ದಿದೆ’ ಎಂದು ಬರೆಯುವವರಿಗೆ: ಅದು 2008ರ ವಾದ. 2013ರಲ್ಲಿ ಸ್ಲಗ್‌ನ ಮೊಟ್ಟೆಯ ಡಿಎನ್‌ಎ ಜಾಲಾಡಿದಾಗ ಅದಕ್ಕೆ ಪುರಾವೆ ಸಿಗಲಿಲ್ಲ. ವಿಡಿಯೊಗಳಲ್ಲಿ ಮಾತ್ರ ಹಳೇ ಕಥೆ ಓಡುತ್ತಲೇ ಇದೆ. ಕದ್ದ ಕ್ಲೋರೋಪ್ಲಾಸ್ಟ್ ತಿಂಗಳುಗಟ್ಟಲೆ ಹೇಗೆ ಬಾಳುತ್ತದೆ ಎನ್ನುವುದು ಒಳ್ಳೆಯ ಪ್ರಶ್ನೆ. ಅದನ್ನು ಯಾರೂ ಕೇಳುವುದಿಲ್ಲ! ಅದೇ 2013ರಲ್ಲಿ ಈ ಸ್ಲಗ್‌ನ ಹತ್ತಿರದ ಸಂಬಂಧಿಗಳಾದ ಎರಡು ಪ್ರಭೇದಗಳನ್ನು ಕತ್ತಲಲ್ಲಿ ಉಪವಾಸ ಇಟ್ಟರು. ಅವು ತಿಂಗಳುಗಟ್ಟಲೆ ಬದುಕಿದವು. ಹಾಗಾಗಿ ‘ಬಿಸಿಲು ತಿಂದು ಬದುಕುತ್ತೆ’ ಅಂತ ನಾನಂತೂ ಬರೆಯಲಾರೆ.

ಪ್ರಶ್ನೆ: ಲಿವರ್‌ವರ್ಟ್ ಕಷಾಯ ಲಿವರ್‌ಗೆ ಒಳ್ಳೆಯದಾ?

ಉತ್ತರ: ಆಕಾರ ಲಿವರ್ ಥರ ಇದೆ ಅಂತ ಹಳೇ ಕಾಲದ ಯುರೋಪಿನಲ್ಲಿ ಕುಡಿಸುತ್ತಿದ್ದರು, ಅಷ್ಟೇ. ಈಗಲೂ ಅದನ್ನೇ ಮಾರುವವನಿಗೆ ನಿಮ್ಮ ಲಿವರ್ ಬಗ್ಗೆ ಏನೂ ಗೊತ್ತಿಲ್ಲ. ಕುಡಿಯಬೇಡಿ. ತೊಂದರೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಪ್ರಶ್ನೆ: ತಲೆ ತುಂಡಾದರೂ ಸ್ಲಗ್ ಬೆಳೆಯುತ್ತಾ?

ಉತ್ತರ: 2021ರಲ್ಲಿ ವರದಿಯಾದದ್ದು ಬೇರೆ ಎಲಿಸಿಯಾಗಳ ಬಗ್ಗೆ, ಅವು ತಲೆಯನ್ನು ತಾವೇ ಕಳಚಿಕೊಂಡವು. ನೀವು ಕತ್ತರಿ ಕೆಳಗಿಡಿ.

ಪ್ರಶ್ನೆ: ಮನೆಯ ಅಕ್ವೇರಿಯಂನಲ್ಲಿ ಸಾಕಬಹುದಾ?

ಉತ್ತರ: ಬೇಡ.