ಓದುಗರ ಪ್ರಶ್ನೆ: ಇದ್ದ ಜಾಗದಲ್ಲೇ ಮನೆಯೋ, ಬಹುಮಹಡಿ ಕಟ್ಟಡವೋ?

ಪ್ರಶ್ನೆ: ತಗಡಿನ ಶೆಡ್ಡುಗಳಿಂದ ಆರಂಭವಾದ ನಮ್ಮ ಕೊಳೆಗೇರಿಯಲ್ಲಿ ಈಗ ಅರ್ಧದಷ್ಟು ಮನೆಗಳು ಆರ್‌ಸಿಸಿ ಆಗಿವೆ, ಆದರೆ ಓಣಿ ಇಕ್ಕಟ್ಟಾಗಿದೆ. ಎಲ್ಲವನ್ನೂ ಕೆಡವಿ ಬಹುಮಹಡಿ ಕಟ್ಟಡ ಕಟ್ಟುವ ಮಾತು ಕೇಳಿಬರುತ್ತಿದೆ. ನಾವು ಒಪ್ಪಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಒಪ್ಪುವ ಮುನ್ನ ನಿಮ್ಮ ಓಣಿ ಬೆಳೆದ ಬಗೆಯನ್ನೇ ಗಮನಿಸಬೇಕು. ಮೊದಲು ತಗಡು ಏಳುತ್ತದೆ; ಎಬ್ಬಿಸುವ ಭಯ ಕಡಿಮೆಯಾದಂತೆ ಗೋಡೆಗೆ ಶಹಾಬಾದ್ ಕಲ್ಲು ಬರುತ್ತದೆ; ಹಕ್ಕುಪತ್ರ ಕೈಸೇರಿದ ಮೇಲೆಯೇ ಹೆಚ್ಚಿನವರು ಸ್ಲ್ಯಾಬ್ ಹಾಕುವ ಧೈರ್ಯ ಮಾಡುತ್ತಾರೆ. ಮಾಳಿಗೆಯ ಮೇಲೆ ಪಿಲ್ಲರಿನ ಸರಳುಗಳನ್ನು ಕತ್ತರಿಸದೆ ಬಿಟ್ಟಿರುವುದನ್ನು ನೀವು ನೋಡಿರುತ್ತೀರಿ. ಮಗನ ಮದುವೆಗೋ ಬಾಡಿಗೆಗೋ ಇನ್ನೊಂದು ಅಂತಸ್ತು ಏರಿಸುವ ಲೆಕ್ಕ ಅದು. ಈ ಬೆಳವಣಿಗೆಯ ಭಾರವೆಲ್ಲ ಬೀಳುವುದು ಓಣಿಯ ಮೇಲೆ: ಒಳಗೆ ಜಾಗವಿಲ್ಲದೆ ಮೆಟ್ಟಿಲುಗಳು ಹೊರಕ್ಕೆ ಚಾಚುತ್ತವೆ, ಚರಂಡಿ ಅವುಗಳ ಅಡಿಗೆ ಸೇರಿ ಹೂಳು ತೆಗೆಯಲೂ ಬಾರದಂತಾಗುತ್ತದೆ. ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ, ಒಂದೇ ಅಂತಸ್ತಿಗೆಂದು ಹಾಕಿದ ತಳಪಾಯದ ಮೇಲೆ ಎರಡನೆಯದನ್ನು ಹೇರಿದರೆ ಗೋಡೆಗಳು ಸೀಳುತ್ತವೆ.

ಬಹುಮಹಡಿ ಕಟ್ಟಡ ಇವನ್ನೆಲ್ಲ ಸರಿಪಡಿಸಬಲ್ಲದು, ಶೌಚಾಲಯ ಮತ್ತು ನೀರನ್ನು ಮನೆಯೊಳಗೇ ತರಬಲ್ಲದು. ಆದರೆ ಅಂಥ ಮನೆ ಮುಂದೆ ಬೆಳೆಯುವುದಿಲ್ಲ. 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯು (ನಗರ) ಆರ್ಥಿಕವಾಗಿ ದುರ್ಬಲರ ಮನೆಗೆ ಗೊತ್ತುಪಡಿಸಿದ ಒಳ ಅಳತೆ 30 ಚದರ ಮೀಟರ್‌ವರೆಗೆ; ಇಬ್ಬರು ಗಂಡುಮಕ್ಕಳ ಸಂಸಾರ ಅಷ್ಟರಲ್ಲಿ ಹಿಡಿಯದೆ ಒಬ್ಬನು ಬೇರೆಡೆ ಬಾಡಿಗೆಗೆ ಹೋಗುತ್ತಾನೆ. ಬಾಗಿಲ ಮುಂದೆ ಒಲೆ ಹೂಡಿ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳಿಗೆ, ತಳ್ಳುಗಾಡಿಯವರಿಗೆ, ಮೂರನೆಯ ಮಹಡಿಯೆಂದರೆ ಹೊಟ್ಟೆಪಾಡೇ ತಪ್ಪಿದಂತೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆಗೆ ಸಹಿ ಹಾಕಬೇಡಿರೆಂದೇ ನಾನು ಹೇಳುತ್ತೇನೆ.

ಮೇಲೆ ಹೇಳಿದ ಆವಾಸ್ ಯೋಜನೆಯಲ್ಲೇ, ಇದ್ದ ಜಾಗದಲ್ಲೇ ಫಲಾನುಭವಿ ಸ್ವತಃ ಮನೆ ಕಟ್ಟಿಕೊಳ್ಳಲು ಕೇಂದ್ರದಿಂದ 1.5 ಲಕ್ಷ ರೂಪಾಯಿ ನೆರವು ನೀಡುವ ದಾರಿಯೂ ಇತ್ತು. ನೀವು ಆ ಬಗೆಯ ನೆರವನ್ನೇ ಕೇಳಿ. ಜೊತೆಗೆ ಎಲ್ಲರಿಗೂ ಹಕ್ಕುಪತ್ರ, ಎರಡು ಅಂತಸ್ತಿಗೆ ತಾಳುವ ತಳಪಾಯ, ಮೆಟ್ಟಿಲು ದಾಟಬಾರದ ಗಡಿಗೆರೆ ಇವುಗಳನ್ನು ಒತ್ತಾಯಿಸಿ. ಹಳ್ಳದ ದಂಡೆಯಲ್ಲಿರುವ ಮನೆಗಳ ಮಾತು ಬೇರೆ. ಪ್ರತಿ ಮಳೆಗಾಲ ನೀರು ನುಗ್ಗುವ ಕಡೆ ಸ್ಥಳಾಂತರ ಅನಿವಾರ್ಯ. ಅಲ್ಲಿಯವರು ಕಟ್ಟಡಕ್ಕೆ ಒಪ್ಪಲಿ, ಆದರೆ ಮನೆಯಲ್ಲೇ ದುಡಿಯುವವರಿಗೆ ಮತ್ತು ವಯಸ್ಸಾದವರಿಗೆ ನೆಲಮಹಡಿ ಕೊಡುವುದಾಗಿ ಮೊದಲೇ ಬರವಣಿಗೆಯಲ್ಲಿ ಪಡೆಯಲಿ.