ಆ ಹಬೆ ಪುಕ್ಕಟೆ ಅಲ್ಲ ಕಣ್ರೀ

ನಮಸ್ಕಾರ. ತಮಿಳುನಾಡಿನ ಕಲ್ಪಾಕ್ಕಂ ಅಣುಸ್ಥಾವರದ ಪಕ್ಕದಲ್ಲಿ ಸಮುದ್ರದ ನೀರನ್ನ ಸಿಹಿನೀರು ಮಾಡೋ ಘಟಕದ ಬಗ್ಗೆ ನೀವು ಕಳ್ಸಿದ ಲೇಖನ ಓದ್ದೆ. ಭಾಷೆ ಚೆನ್ನಾಗಿದೆ, ಕನ್ನಡದಲ್ಲಿ ಇದರ ಬಗ್ಗೆ ಬರೆಯೋರೂ ಕಮ್ಮಿ, ಅದೆಲ್ಲ ಸರಿ. ಆದ್ರೆ ಎರಡನೇ ಪುಟಕ್ಕೆ ಬಂದಾಗ ನಂಗೆ ರೇಗಿಹೋಯ್ತು.

"ಕರೆಂಟ್ ಮಾಡಿ ಮಿಕ್ಕ ವೇಸ್ಟ್ ಹಬೆಯಲ್ಲೇ ನೀರು ಕಾಯುತ್ತೆ, ಹಾಗಾಗಿ ಇದು ಪುಕ್ಕಟೆ ನೀರು" ಅಂದಿದ್ದೀರಿ. ಯಾವ ಹಬೆ ರೀ? ಕರೆಂಟಿಗಾಗಿ ಹಬೆ ತಿರುಗಿಸೋ ಚಕ್ರ, ಅಂದ್ರೆ ಟರ್ಬೈನ್, ಅದನ್ನ ದಾಟಿ, ಹಬೆನ ತಣಿಸಿ ಮತ್ತೆ ನೀರು ಮಾಡೋ ಕಂಡೆನ್ಸರ್‌ಗೆ ಬೀಳೋ ಹಬೆ ನಲವತ್ತು ಚಿಲ್ಲರೆ ಡಿಗ್ರಿ ಇರುತ್ತೆ, ಸ್ನಾನಕ್ಕೆ ಸರಿಹೋಗೋ ಬಿಸಿ ಅಷ್ಟೆ. ಅಲ್ಲಿ ಹಬೆಯಿಂದ ನೀರು ಮಾಡೋ ವಿಧಾನ ಮಲ್ಟಿ ಸ್ಟೇಜ್ ಫ್ಲ್ಯಾಶ್, ಅಂದ್ರೆ ಉಪ್ಪುನೀರನ್ನ 90ರಿಂದ 120 ಡಿಗ್ರಿವರೆಗೂ ಕಾಯ್ಸಿ, ಒತ್ತಡ ಹಂತಹಂತವಾಗಿ ಇಳಿಯೋ ಕೋಣೆಗಳಿಗೆ ಬಿಟ್ಟು, ಅಲ್ಲಲ್ಲೇ ಭಗ್ ಅಂತ ಏಳೋ ಆವಿನ ತಣಿಸಿ ಹಿಡಿಯೋದು. ಅಷ್ಟು ಬಿಸಿ ಬೇಕಂದ್ರೆ ಹಬೆನ ಟರ್ಬೈನ್ ದಾರಿ ಮಧ್ಯದಿಂದಲೇ ಕದೀಬೇಕು, ಕದ್ದಷ್ಟೂ ಕರೆಂಟ್ ಕಮ್ಮಿ. ಬೇರೆ ಬಾಯ್ಲರ್ ಇಟ್ಟು ಕಾಯ್ಸೋದಕ್ಕಿಂತ ಅಗ್ಗ, ಲಾಭ ಇರೋದು ಅಲ್ಲಿ, ಗಲ್ಫಿನವರು ದಶಕಗಳಿಂದ ಕರೆಂಟಿನ ಸ್ಥಾವರ, ನೀರಿನ ಘಟಕ ಎರಡನ್ನೂ ಒಟ್ಟಿಗೆ ಕಟ್ತಿರೋದೂ ಅದಕ್ಕೇ. ಮೇಲಾಗಿ ಕಲ್ಪಾಕ್ಕಂನ ದಿನಕ್ಕೆ 63 ಲಕ್ಷ ಲೀಟರ್ ಸಾಮರ್ಥ್ಯದಲ್ಲಿ ಹಬೆಯ ಪಾಲು 45 ಲಕ್ಷ, ಮಿಕ್ಕ 18 ಲಕ್ಷ ಆರ್‌ಓ, ಅಂದ್ರೆ ಒತ್ತಡ ಹಾಕಿ ನೀರನ್ನ ಪೊರೆ ಮೂಲಕ ಸೋಸೋದು, ಅಂದ್ರೆ ಪಂಪು, ಅಂದ್ರೆ ಕರೆಂಟೇ. ಅದನ್ನ ನೀವು ಅರ್ಧ ಸಾಲಲ್ಲಿ ಹಾರಿಸಿಬಿಟ್ಟಿದ್ದೀರಿ.

ನಾನು ಗಾಂಧಿನಗರದ ಒಂದು ಸಣ್ಣ ವಾರಪತ್ರಿಕೇಲಿ ಟ್ರೈನಿ ಆಗಿದ್ದಾಗ ಹಿರಿಯರೊಬ್ರು ಇದ್ರು, ಯಾರ ಕಾಪಿಯಲ್ಲಾದ್ರೂ ಏನೋ ಖರ್ಚಿಲ್ದೆ ಸಿಗುತ್ತೆ ಅಂತ ಕಂಡ್ರೆ ಪಕ್ಕದಲ್ಲಿ ಕೆಂಪಿಂಕಲ್ಲಿ "ಬಿಲ್ ಯಾರಿಗೆ?" ಅಂತ ಗೀಚಿ ಮಾತಾಡ್ದೆ ಟೇಬಲ್ ಮೇಲೆ ಇಟ್ಟು ಹೋಗೋರು. ಜೊತೆಗೆ ಕಾಫಿಗೆ ಹೋದ್ರೂ ಬಾಯಿ ಬಿಡ್ತಿರ್ಲಿಲ್ಲ, ನಾವೇ ಎಂಜಿನಿಯರುಗಳ ಬೆನ್ನು ಬಿದ್ದು ಕೇಳ್ಕೊಂಡು ಬರ್ಬೇಕಿತ್ತು. ಆಗ ಮೈಯೆಲ್ಲ ಉರೀತಿತ್ತು ಬಿಡಿ.

ನಿಮ್ಮ ಕೊನೆ ಪ್ಯಾರಾಗೂ ಅದೇ ಪ್ರಶ್ನೆ. "ಹೀಗೇ ಮಂಗಳೂರಿಂದ ಬೆಂಗಳೂರಿಗೂ ನೀರು ತರಬಹುದು" ಅಂತೀರಿ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ ಸ್ವಾಮಿ. ಸಾವಿರ ಲೀಟರ್ ಅಷ್ಟೆತ್ತರಕ್ಕೆ ಏರ್ಸೋಕೆ ಒಂಚೂರೂ ನಷ್ಟ ಇಲ್ದಿದ್ರೂ ಸುಮಾರು 2.5 ಯೂನಿಟ್ ಬೇಕು, ಪಂಪು ಪೈಪಿನ ನಷ್ಟ ಸೇರಿದ್ರೆ 3 ದಾಟುತ್ತೆ, ಸಮುದ್ರದ ನೀರನ್ನ ಆರ್‌ಓ ಮಾಡೋಕೇ ಸಾವಿರ ಲೀಟರ್‌ಗೆ 3ರಿಂದ 4 ಯೂನಿಟ್. ಅಂದ್ರೆ ಮಾಡಿದಷ್ಟೇ ಖರ್ಚು ಹೊತ್ತು ತರೋದಕ್ಕೂ. ಕಾವೇರಿನ ನೂರು ಕಿಲೋಮೀಟರ್ ಪಂಪ್ ಮಾಡೋ ಜಲಮಂಡಳಿಯವರನ್ನ ಕೇಳಿ ನೋಡಿ.

ಆ ಪ್ಯಾರಾ ಕಿತ್ಹಾಕಿ. ಎರಡನೇ ಪುಟನ ಹಬೆ ಎಲ್ಲಿಂದ ತೆಗೀತಾರೆ ಅನ್ನೋದ್ರಿಂದ ಶುರು ಮಾಡಿ ಬರೆದು ಕಳ್ಸಿ, ತಿಂಗಳ ಕೊನೆಯೊಳಗೆ ಬಂದ್ರೆ ಮುಂದಿನ ಸಂಚಿಕೇಲಿ ಜಾಗ ಇಡ್ತೀನಿ.