ಜನ ಆರೋಗ್ಯವಾಗಿದ್ದರೆ ಆಸ್ಪತ್ರೆಗೆ ಲಾಭ ಆಗುವಂತೆ ಮಾಡಬಹುದಾ?

ಮಾಡಬಹುದು, ಆದರೆ ದುಡ್ಡು ಕೊಡುವ ರೀತಿ ಬದಲಾಗಬೇಕು. ಕೋಲಾರದ ನಮ್ಮ ಚಿಕ್ಕಪ್ಪನಿಗೆ ಶುಗರ್. ಗಾಯ ಕೊಳೆತು ಕಾಲ್ಬೆರಳು ತೆಗೆದಾಗ ಆಸ್ಪತ್ರೆಗೆ ದೊಡ್ಡ ಬಿಲ್. ಮೊದಲೇ ಯಾರಾದರೂ ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ದರೆ? ಅದಕ್ಕೆ ಕಾಸು ಹುಟ್ಟಲ್ಲ, ಅಲ್ವಾ! ಆಯುಷ್ಮಾನ್ ಭಾರತ್ ವಿಮೆಯೂ ಅಡ್ಮಿಟ್ ಆದ ಮೇಲಿನ ಚಿಕಿತ್ಸೆಗೇ ಪ್ಯಾಕೇಜ್ ಲೆಕ್ಕದಲ್ಲಿ ಕೊಡುತ್ತದೆ.

ಬ್ರಿಟನ್ನಿನಲ್ಲಿ ಫ್ಯಾಮಿಲಿ ಡಾಕ್ಟರಿಗೆ ಮುಖ್ಯವಾಗಿ ತನ್ನಲ್ಲಿ ಹೆಸರು ಬರೆಸಿದವರ ತಲೆಗಿಷ್ಟು ಅಂತ ಸರ್ಕಾರದಿಂದ ಸಿಗುತ್ತದೆ, ನೀವು ಹೋದರೂ ಹೋಗದಿದ್ದರೂ. ಇಂಗ್ಲೆಂಡಿನಲ್ಲಿ 2004ರಿಂದ ರೋಗಿಗಳ ಬಿಪಿ, ಶುಗರ್ ಹತೋಟಿಯಲ್ಲಿಟ್ಟರೆ ಅದರ ಮೇಲೆ ಇನ್ನಷ್ಟು. ಅಮೆರಿಕದಲ್ಲಿ 2012ರಿಂದ, ಕೆಲವು ಕಾಯಿಲೆಯವರು ಡಿಸ್ಚಾರ್ಜ್ ಆಗಿ 30 ದಿನದೊಳಗೆ ಜಾಸ್ತಿ ವಾಪಸ್ ಬಂದರೆ ಆಸ್ಪತ್ರೆಗೆ ಬರುವ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ) ಹಣಕ್ಕೆ ಕತ್ತರಿ.

ಒಂದು ತೊಡಕಿದೆ. ತಲೆಗಿಷ್ಟು ಅಂದರೆ ಗಟ್ಟಿಮುಟ್ಟಾದವರನ್ನೇ ಸೇರಿಸಿಕೊಂಡು, ಕಾಯಿಲೆಯವರನ್ನು ಸುಮ್ನೆ ಸಾಗಹಾಕುವ ಆಸೆ ಹುಟ್ಟುತ್ತದೆ. ಚಿಕ್ಕಪ್ಪನಂಥವರ ತಲೆಗೆ ಜಾಸ್ತಿ ಬೆಲೆ ಕಟ್ಟಬೇಕು.